ಒಂದೇ ತಟ್ಟೆಯಲ್ಲಿ ಉಂಡವರು

ಸ್ಯಾನ್ ಡಿಯೇಗೋದ ನಮ್ಮ ಅಡುಗೆಮನೆಯಲ್ಲಿ ಐದು ಸ್ಟೀಲ್ ತಟ್ಟೆಗಳಿವೆ. ಐದರ ಅಂಚಿನಲ್ಲೂ ಮೈಸೂರಿನ ಪಾತ್ರೆ ಅಂಗಡಿಯವನು ನಮ್ಮತ್ತೆಯ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆದುಕೊಟ್ಟಿದ್ದಾನೆ. ಸೀರೆಗಳ ನಡುವೆ ಸುತ್ತಿ ತಂದ ಅವು ಇಷ್ಟು ವರ್ಷವಾದರೂ ಒಂದೂ ನೆಗ್ಗಿಲ್ಲವಲ್ಲ, ಅದೂ ರಾಯರ ಕೃಪೆಯೇ ಎಂದು ಎಣಿಸಿಕೊಳ್ಳುವವಳು ನಾನು. ಆದರೆ ಈಚೆಗೆ ಅವನ್ನು ಒರೆಸುವಾಗ ಅವುಗಳಲ್ಲಿ ಕಾಣುವ ನನ್ನ ಮುಖವನ್ನು ನೋಡಲು ಮನಸ್ಸಾಗುವುದಿಲ್ಲ.

ನಮ್ಮ ಯಜಮಾನರು ಜಪಾನಿನ ಕಾರು ಕಂಪನಿಯೊಂದರಲ್ಲಿ ಎಂಜಿನಿಯರು. ಕೊರೋನಾ ಇಳಿದ ಮೇಲೆ ಆ ಕಂಪನಿ ಇಟಲಿಯ ವಿನ್ಯಾಸದವರ ಜೊತೆ ಸೇರಿ ಹೊಸ ಕಾರೊಂದಕ್ಕೆ ಕೈಹಾಕಿತು. ಎಂಜಿನ್ ಇವರದು, ಮೈಮಾಟ ಅವರದು. ಕಳೆದ ವರ್ಷ ಲಾಸ್ ಏಂಜಲೀಸಿನಲ್ಲಿ ಅದನ್ನು ಜನರಿಗೆ ತೋರಿಸಿದ ಮರುದಿನ, ಜೋಡಿಯಾಗಿ ದುಡಿದ ಇಬ್ಬರು ಹಿರಿಯರು ನಮ್ಮಲ್ಲಿಗೆ ಊಟಕ್ಕೆ ಬಂದರು. ಒಬ್ಬರು ಜಪಾನಿನವರು, ಇನ್ನೊಬ್ಬರು ಇಟಲಿಯವರು. ಅಂದು ಶ್ರಾವಣ ಶನಿವಾರ. ಜಪಾನಿನವರು ಹೇಗೂ ಬುದ್ಧನ ಕಡೆಯವರು, ನಮ್ಮವರೇ ಅಂದುಕೊಂಡು ಅವರಿಗೆ ಸ್ಟೀಲ್ ತಟ್ಟೆ ಇಟ್ಟೆ. ಇಟಲಿಯವರು ಏನೇನು ತಿನ್ನುವವರೋ ಎಂದು ಅವರೊಬ್ಬರಿಗೆ ಮಾತ್ರ ಕಾಗದದ ತಟ್ಟೆ.

“ಅಮ್ಮ, ದಟ್ಸ್ ಸೋ ರೂಡ್,” ಎಂದು ಮಗಳು ಒಳಗೆ ಪಿಸುಗುಟ್ಟಿದಳು.

“ಸುಮ್ನಿರೇ, ಈ ದೇಶದಲ್ಲಿ ಎಲ್ಲರೂ ಪೇಪರ್ ಪ್ಲೇಟಲ್ಲೇ ತಿಂತಾರೆ.”

“ದೆನ್ ಗಿವ್ ಎವ್ರಿಒನ್ ಪೇಪರ್.”

ಬಿಸಿ ಸಾರು ಬಿದ್ದದ್ದೇ ತಡ, ಕಾಗದ ಬಾಗಿತು. ಇಟಲಿಯವರು ಅಂಗೈ ಆನಿಸಿ ಹಿಡಿದರೂ ಸಾರು ಬಿಳಿ ಅಂಗಿಯ ತೋಳಿಗೆ ಇಳಿಯಿತು. ಜಪಾನಿನವರು ತಮ್ಮ ತಟ್ಟೆಯನ್ನು ಇಬ್ಬರ ನಡುವೆ ಸರಿಸಿ, ಗೆಳೆಯನ ಅನ್ನವನ್ನು ಅದಕ್ಕೇ ಸುರಿದರು. ಎಂಜಲೆಂದರೆ ಮಾರು ದೂರ ಸರಿಯುವ ನಾನು ಸೌಟು ಹಿಡಿದು ನಿಂತಿದ್ದ ಹಾಗೆಯೇ, ಇಬ್ಬರೂ ಒಂದೇ ತಟ್ಟೆಯಿಂದ ಉಣ್ಣತೊಡಗಿದರು. ಯಜಮಾನರು ತಲೆ ಎತ್ತಲಿಲ್ಲ. ಅದನ್ನು ಕಂಡು ಇಟಲಿಯವರೇ ಇಂಗ್ಲಿಷಿನಲ್ಲಿ, “ಮೂರು ವರ್ಷ ಇಬ್ಬರೂ ಒಂದೇ ಹಾಳೆಯ ಮೇಲೆ ಗೆರೆ ಎಳೆದಿದ್ದೇವೆ. ನಾನು ಎಳೆದದ್ದನ್ನೆಲ್ಲ ಇವರು ಅಳಿಸಿದರು. ಇವತ್ತು ಅನ್ನ ಹಾಕಿ ಸಮಾಧಾನ ಮಾಡುತ್ತಿದ್ದಾರೆ” ಎಂದು ನಗಿಸಿದರು.

ಹೊರಡುವಾಗ ಕೈಮುಗಿದು ಸಾರನ್ನು ಹೊಗಳಿದರು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ, ನಿಮ್ಮಲ್ಲಿ ಮುಚ್ಚಿಡುವುದೇಕೆ: ಅವರು ಹೋದ ಮೇಲೆ ಆ ತಟ್ಟೆಯನ್ನು ಬೇರೆಯಿಟ್ಟು, ಹುಣಸೆಹಣ್ಣು ಹಾಕಿ ಮೂರು ಸಲ ತೊಳೆದೆ. ಮೂರನೆಯ ಸಲ ಅತ್ತೆಯ ಹೆಸರು ಬೆರಳಿಗೆ ತಡೆಯಿತು. ಮಡಿಯಲ್ಲಿ ನನಗಿಂತ ಬಿಗಿಯಾಗಿದ್ದವರು ಅವರು. ಆದರೆ ಹಸಿದು ಬಂದವರ ಕುಲಗೋತ್ರವನ್ನು ಊಟದ ಹೊತ್ತಿನಲ್ಲಿ ವಿಚಾರಿಸಿದ್ದನ್ನು ನಾನು ಕಂಡಿಲ್ಲ. ದೂರದ ಎರಡು ದೇಶಗಳು ಸೇರಿ ಗಟ್ಟಿ ತಗಡನ್ನು ಅಷ್ಟು ನಯವಾಗಿ ಬಗ್ಗಿಸಿದ ಕಾಲದಲ್ಲಿ, ದಿನವೂ ದೇವರೆದುರು ಬಾಗುವ ನನಗೆ ಒಬ್ಬ ಅತಿಥಿಯೆದುರು ಬಾಗಲಾಗಲಿಲ್ಲ.

ನಾಳೆ ಇಟಲಿಯವರು ಮತ್ತೆ ಬರುತ್ತಿದ್ದಾರೆ, ಈ ಸಲ ಒಬ್ಬರೇ. ಕರೆದಾಗ ಇಲ್ಲವೆನ್ನಲಿಲ್ಲ ಎಂಬುದೇ ನನ್ನ ಪಾಲಿನ ದೊಡ್ಡ ಕರುಣೆ. ಬಡಿಸುವ ಮೊದಲೇ ತಪ್ಪೊಪ್ಪಿಕೊಳ್ಳಬೇಕು. ಊಟವಾಗಲೆಂದು ಕಾದರೆ ಬಾಯಿ ಮತ್ತೆ ಕಟ್ಟೀತು. ತಟ್ಟೆಗಳನ್ನು ಒರೆಸಿ ಜೋಡಿಸಿದ್ದೇನೆ. ಅಂದು ಅವರಿಬ್ಬರೂ ಉಂಡ ತಟ್ಟೆಯನ್ನೇ ಇಡೋಣವೆಂದು ಹುಡುಕಿದೆ. ಐದರಲ್ಲಿ ಅದು ಯಾವುದೆಂದು ಗುರುತೇ ಸಿಗಲಿಲ್ಲ.