ಗಂಡನ ಚಪ್ಪಲಿ ಹಾಕಿಕೊಂಡು ಬಂದವಳು

ಯಾರಾದರೂ ನನ್ನನ್ನು ಒಳ್ಳೆಯ ನರ್ಸ್ ಎಂದು ಹೊಗಳಿದರೆ ನನಗೆ ತಕ್ಷಣ ನೆನಪಾಗುವುದು ನಮ್ಮ ಆಸ್ಪತ್ರೆಯ ಗುಡಿಸುವ ಅಕ್ಕ. ಅವರಿಲ್ಲದಿದ್ದರೆ ನಾನು ಇಂದು ಈ ಊರಿನಲ್ಲಿ ತಲೆ ಎತ್ತಿ ನಡೆಯುತ್ತಿರಲಿಲ್ಲ.

ನಮ್ಮದು ಕಾಸರಗೋಡಿನ ಒಳಭಾಗದಲ್ಲಿ, ಗುಡ್ಡದ ಮೇಲಿರುವ ಒಂದು ಸಣ್ಣ ಸರಕಾರಿ ಆಸ್ಪತ್ರೆ. ಡಾಕ್ಟರು ಬರುವುದು ಒಂಬತ್ತಕ್ಕಾದರೂ ಜನ ಏಳು ಗಂಟೆಯ ಮೊದಲ ಬಸ್ಸಿಗೇ ಬಂದಿಳಿಯುತ್ತಾರೆ. ಜಗಲಿಯ ಕೆಳಗೆ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ತಾವು ಎಲ್ಲಾದರೂ ನೆರಳಲ್ಲಿ ಕುಳಿತುಕೊಳ್ಳುತ್ತಾರೆ. ಚಪ್ಪಲಿಯ ಸರದಿಯೇ ಅವರ ಸರದಿ. ಅದಕ್ಕೆ ಕಾವಲು ಅಕ್ಕ. ಯಾರಾದರೂ ತಮ್ಮ ಜೋಡಿಯನ್ನು ಕಾಲಿನಿಂದ ಮೆಲ್ಲ ಮುಂದಕ್ಕೆ ತಳ್ಳಿದರೆ ಗುಡಿಸುವ ಹಿಡಿಸೂಡಿ ಎತ್ತಿಕೊಂಡು ಬಂದು ಬೈಯುತ್ತಿದ್ದರು.

ಫೋನಿನಲ್ಲಿ ಟೋಕನ್ ತೆಗೆಯುವ ಪದ್ಧತಿ ಬರುತ್ತದೆ ಎಂದಾಗ ಅದರ ಜವಾಬ್ದಾರಿ ನನ್ನ ತಲೆಗೆ ಬಿತ್ತು. ತರಬೇತಿಯಲ್ಲಿ ಹೇಳಿಕೊಟ್ಟಂತೆ ಒಂದು ಪಟ್ಟಿ ಮಾಡಿದೆ. ಈ ಬದಲಾವಣೆ ಯಾರನ್ನೆಲ್ಲ ಮುಟ್ಟುತ್ತದೆ, ಅವರಲ್ಲಿ ಯಾರು ಪರ, ಯಾರು ವಿರೋಧ ಎಂದು ಬರೆಯಬೇಕಿತ್ತು. ಡಾಕ್ಟರು ಪರ. ಫಾರ್ಮಸಿಸ್ಟ್ ಪರ. ರೋಗಿಗಳನ್ನೆಲ್ಲ ಒಂದೇ ಗೆರೆಯಲ್ಲಿ ತುರುಕಿ ಅವರನ್ನೂ ಪರ ಎಂದು ಬರೆದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ! ಒಬ್ಬರನ್ನಾದರೂ ನಾನು ಕೇಳಿರಲಿಲ್ಲ.

ಅಕ್ಕ ಮಾತ್ರ ತಾವಾಗಿಯೇ ಬಂದು ಕೇಳಿದರು. "ಫೋನ್ ಇಲ್ಲದವರು ಎಂತ ಮಾಡುದು ಸಿಸ್ಟರ್?"

"ಈಗ ಫೋನ್ ಇಲ್ಲದ ಮನೆ ಎಲ್ಲಿದೆ ಅಕ್ಕ?"

"ಮನೆಯಲ್ಲಿ ಉಂಟು. ಗಂಡನ ಕಿಸೆಯಲ್ಲಿ ಉಂಟು. ಹೆಂಡತಿಯ ಕೈಯಲ್ಲಿ ಉಂಟಾ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಸಾಲಿನ ಯಜಮಾನಿಕೆ ಕೈತಪ್ಪುತ್ತದೆ ಎಂದು ಇವರಿಗೆ ಹೊಟ್ಟೆಯುರಿ ಅಂದುಕೊಂಡೆ. ವಿರೋಧದ ಕಾಲಮಿನಲ್ಲಿ ಅವರೊಬ್ಬರನ್ನೇ ಬರೆದೆ. ನಿಮ್ಮ ಆಸ್ಪತ್ರೆ ಬದಲಾವಣೆಗೆ ಸಿದ್ಧವೇ ಎಂಬುದು ಆ ಪಟ್ಟಿಯ ಕೊನೆಯ ಪ್ರಶ್ನೆ. 'ಸಿದ್ಧ' ಎಂದು ಬರೆದು ಸಹಿ ಹಾಕಿದೆ.

ಮೊದಲ ದಿನದ ಟೋಕನ್‌ಗಳೆಲ್ಲ ಹಿಂದಿನ ಸಂಜೆಯೇ ಖಾಲಿ. ಎಷ್ಟೋ ಟೋಕನ್‌ಗಳನ್ನು ದುಬೈಯಲ್ಲೋ ಕತಾರಿನಲ್ಲೋ ಕುಳಿತ ಮಕ್ಕಳು ಊರಿನಲ್ಲಿರುವ ತಾಯಿಗೆಂದು ತೆಗೆದಿದ್ದರು. ಆ ಅಮ್ಮಂದಿರು ಹತ್ತು ಗಂಟೆಗೆ ಆರಾಮವಾಗಿ ರಿಕ್ಷಾದಲ್ಲಿ ಬರುವವರು. ಮೊದಲ ಬಸ್ಸಿನವರು ಮಾತ್ರ ಎಂದಿನಂತೆ ಬಂದು ಚಪ್ಪಲಿಯ ಸಾಲು ಕಟ್ಟಿದರು. ಟೋಕನ್ ಇಲ್ಲದವರು ನಾಳೆ ಬನ್ನಿ ಎಂದು ನಾನು ಕೌಂಟರಿನಲ್ಲಿ ಹೇಳುತ್ತಾ ಹೋದೆ. ಅಡಿಕೆ ಸುಲಿಯುವ ಕೆಲಸದವಳೊಬ್ಬಳು, ಏಳು ತಿಂಗಳ ಬಸುರಿ, "ಎರಡು ದಿನದಿಂದ ತಲೆನೋವು ಸಿಸ್ಟರ್" ಎಂದಳು. ನಾನು ಟೋಕನ್ ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ. ಅವಳಿಗೂ ನಾಳೆ ಬನ್ನಿ ಎಂದೆ. ಅವಳು ಹೊರಟುಹೋದಳು.

ಸ್ವಲ್ಪ ಹೊತ್ತಿನಲ್ಲಿ ಅಕ್ಕ ಏದುಸಿರು ಬಿಡುತ್ತಾ ಅವಳ ಕೈ ಹಿಡಿದುಕೊಂಡು ಬಂದರು. ಬಸ್ ಸ್ಟಾಪಿಗೆ ಓಡಿಹೋಗಿ ಕರೆತಂದಿದ್ದರು.

"ಟೋಕನ್ ಇಲ್ಲದವರನ್ನು ಒಳಗೆ ಬಿಡಬೇಡಿ ಎಂದು ಎಷ್ಟು ಸಲ ಹೇಳುವುದು?" ಎಂದು ಎಲ್ಲರೆದುರು ಕಿರುಚಿದೆ.

"ಆಮೇಲೆ ಬೈಯಿರಿ ಮಾರಾಯ್ರೆ, ಮೊದಲು ಇವಳ ಕಾಲು ನೋಡಿ! ಇವಳು ಯಾವಾಗಲೂ ಬಿಡುದು ಕೆಂಪು ಪಟ್ಟಿಯ ಸಣ್ಣ ಚಪ್ಪಲಿ. ಇವತ್ತು ಹೋಗುವಾಗ ನೋಡ್ತೇನೆ, ಗಂಡಸಿನ ಚಪ್ಪಲಿ ಹಾಕ್ತಾ ಇದ್ದಾಳೆ. ಕೇಳಿದರೆ, ಗಂಡನದ್ದಂತೆ. ಅವಳದ್ದು ಕಾಲಿಗೆ ಹೋಗುದಿಲ್ಲ ಅಂತೆ!"

ಆಗ ನೋಡಿದೆ. ಪಾದಗಳು ಊದಿ ಬಿಗಿದುಕೊಂಡಿದ್ದವು. ಮುಖವೂ ಬಾತಿತ್ತು. ಬಿ.ಪಿ. ನೋಡಿ, ನಂಬಿಕೆ ಬಾರದೆ ಇನ್ನೊಂದು ಕೈಗೂ ಪಟ್ಟಿ ಕಟ್ಟಿ ನೋಡಿದೆ. ಎರಡರಲ್ಲೂ ವಿಪರೀತ ಹೆಚ್ಚು. ಡಾಕ್ಟರನ್ನು ಕೂಗಿ ಕರೆದೆ. ಡಾಕ್ಟರು ಓಡಿಬಂದು ಔಷಧಿ ಕೊಟ್ಟು, ಆಂಬುಲೆನ್ಸ್ ತರಿಸಿ ದೊಡ್ಡಾಸ್ಪತ್ರೆಗೆ ಕಳುಹಿಸಿದರು. ಅದು ಹೋದ ಮೇಲೆ, "ಮನೆಯಲ್ಲಿ ಫಿಟ್ಸ್ ಬಂದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ" ಎಂದರು. ನಾನು ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮರುದಿನ ಡಾಕ್ಟರ ಎದುರೇ ಪಟ್ಟಿಯಲ್ಲಿದ್ದ 'ಸಿದ್ಧ' ಎಂಬುದನ್ನು ಗೆರೆ ಎಳೆದು ಹೊಡೆದುಹಾಕಿದೆ. ಮುಂದಿನ ಮೀಟಿಂಗಿಗೆ ಅಕ್ಕನನ್ನೂ ಕರೆದೆವು. ಅಷ್ಟು ವರ್ಷ ಆ ಕೋಣೆಗೆ ಚಹಾ ತಂದುಕೊಟ್ಟವರು, ಕುಳಿತುಕೊಳ್ಳಿ ಎಂದರೆ ಕುರ್ಚಿಯ ಅಂಚಿನಲ್ಲಿ ಕುಳಿತರು. ಮಾತು ಶುರುಮಾಡಿದ ಮೇಲೆ ಮಾತ್ರ ನಿಲ್ಲಿಸಲಿಲ್ಲ. ಯಾರ ಕೈಯಲ್ಲಿ ಫೋನಿಲ್ಲ, ಯಾರಿಗೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಮನೆಗೆ ನಡೆದೇ ಹೋಗಬೇಕು ಎಂದು ಒಬ್ಬೊಬ್ಬರನ್ನಾಗಿ ಹೇಳಿದರು. ಅಂದಿನಿಂದ ಅರ್ಧ ಟೋಕನ್ ಮೊದಲ ಬಸ್ಸಿನವರಿಗೆ. ಬಸುರಿಯರಿಗೆ ಟೋಕನ್ನೇ ಬೇಡ, ಬಂದ ಕೂಡಲೇ ಬಿ.ಪಿ. ನೋಡುತ್ತೇವೆ. ಚಪ್ಪಲಿಯ ಸಾಲೂ ಉಳಿಯಿತು.

ಮೊನ್ನೆ ಆ ಹುಡುಗಿ ಮಗುವಿಗೆ ಇಂಜೆಕ್ಷನ್ ಹಾಕಿಸಲು ಬಂದಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಮಗು ಈಗ ಗುಂಡುಗುಂಡಗಾಗಿದೆ. ಹೊರಗೆ ಸಾಲಿನಲ್ಲಿ ಕೆಂಪು ಪಟ್ಟಿಯ ಚಪ್ಪಲಿ ಇತ್ತು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮಗುವನ್ನು ಎತ್ತಿಕೊಂಡು ನಿಂತಿದ್ದ ಅಕ್ಕನ ಹತ್ತಿರ ಹೋಗಿ ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಿಯೇಬಿಟ್ಟೆ.

"ಅಕ್ಕ, ಆ ಪಟ್ಟಿಯಲ್ಲಿ ನಿಮ್ಮನ್ನು ವಿರೋಧ ಎಂದು ಬರೆದಿದ್ದೆ. ತಪ್ಪಾಯಿತು."

"ತಪ್ಪು ಎಂತದ್ದು? ಸರಿಯಾಗಿಯೇ ಬರೆದಿದ್ದೀರಿ" ಎಂದು ಅಕ್ಕ ನಕ್ಕರು. "ನಾನು ವಿರೋಧವೇ ಇದ್ದದ್ದು. ಇಲ್ಲದಿದ್ದರೆ ಬಸ್ ಸ್ಟಾಪಿಗೆ ಯಾಕೆ ಓಡುದು? ಈಗ ಇವನನ್ನು ಹಿಡಿಯಿರಿ, ನನಗೆ ಗುಡಿಸ್ಲಿಕ್ಕೆ ಉಂಟು."

ಮಗುವನ್ನು ನನ್ನ ಕೈಗೆ ಕೊಟ್ಟು ಹೋದರು.