ಮಂಗಲಾ ಬರೆದ ಮಂದಿ ಹೋಟೆಲಿನ ನೆಲದ ಮೇಲೆ

ಬೆಳಗಿನ ಆರು ಗಂಟೆ. ಗೋವಾದ ಝುವಾರಿನಗರದ ರದ್ದಿ ಅಂಗಡಿಯೊಂದರ ಶೆಟರ್ ಅರ್ಧ ಮೇಲೆದ್ದಿದೆ. ಒಳಗೆ ಗೋಣಿಚೀಲದ ಮೇಲೆ ಕೂತ ಮಂಗಲಾ ಹಳೆಯ ಪುಸ್ತಕಗಳ ರಟ್ಟು ಕಿತ್ತು ಒಂದು ಕಡೆ, ಹಾಳೆ ಇನ್ನೊಂದು ಕಡೆ ಹಾಕುತ್ತಿದ್ದಾರೆ. ಒಂದೇ ಸಮನೆ ಓಡುವ ಕೈ ಆಗಾಗ ಒಂದು ಹಾಳೆಯ ಮುಂದೆ ನಿಲ್ಲುತ್ತದೆ. ಕೆಳಗಡೆ ಅಗಲವಾಗಿ ಖಾಲಿ ಜಾಗ ಬಿಟ್ಟು ಅಚ್ಚು ಹಾಕಿದ ಹಾಳೆ ಸಿಕ್ಕರೆ ಅದನ್ನು ಮಡಚದೆ ಪಕ್ಕದ ಚೀಲಕ್ಕೆ ಸೇರಿಸುತ್ತಾರೆ.

"ಇದರಾಗ ನಾಕ್ ಮಂದಿ ಆರಾಮ ನಿಂದರತಾರ್ರಿ" ಎನ್ನುತ್ತಾರೆ.

ಆ ನಾಲ್ಕು ಮಂದಿ ಮಧ್ಯಾಹ್ನದ ಬಿಡುವಿನಲ್ಲಿ ಬಾಲ್ ಪೆನ್ನಿನಿಂದ ಹಾಳೆಗೆ ಇಳಿಯುತ್ತಾರೆ. ಬುತ್ತಿ ಹಿಡಿದು ಫ್ಯಾಕ್ಟರಿಗೆ ನಡೆಯುವವರು, ನಲ್ಲಿಯ ಮುಂದೆ ಕೊಡ ಹಿಡಿದು ಜಗಳಕ್ಕೆ ನಿಂತವರು, ಬಸ್‌ಸ್ಟಾಪಿನಲ್ಲಿ ರೊಟ್ಟಿ ಮಾರುವ ರಹಿಮತಬಿ. ಯಾರ ಚಿತ್ರವನ್ನೂ ಅವರನ್ನು ಕೇಳದೆ ಬರೆಯುವುದಿಲ್ಲ. ಅಂಗಡಿಯ ಮಾಲೀಕ ಅತೀಕ ಮೊದಲು ಗೊಣಗುತ್ತಿದ್ದರಂತೆ. ಈಗ ಒಳ್ಳೆಯ ಹಾಳೆ ಕಂಡರೆ ಅವರೇ ಎತ್ತಿಡುತ್ತಾರೆ.

ಮಂಗಲಾ ಬಾದಾಮಿ ಕಡೆಯವರು. ಓದಿದ್ದು ನಾಲ್ಕನೆಯ ತರಗತಿ. ಗಂಡ ದೇವು ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಾರೆ. ಮದುವೆಯಾಗಿ ಗೋವಾಕ್ಕೆ ಬಂದಾಗ ಇವರಿಗೆ ಕನ್ನಡ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. "ಅಂಗಡ್ಯಾಗ ಸೂಜಿ ಬೇಕಂದ್ರ ಹೆಂಗ ಕೇಳೋದ್ರಿ? ಹಾಳಿ ಮ್ಯಾಲ ಸೂಜಿ ಚಿತ್ರ ತಗದು ತೋರಸ್ತಿದ್ದೆ. ಅಂಗಡ್ಯಾವ ನಕ್ಕೋತ ಕೊಡ್ತಿದ್ದ" ಎಂದು ಈಗ ತಾವೂ ನಗುತ್ತಾರೆ. ಸೂಜಿಯಿಂದ ಶುರುವಾದದ್ದು ಇಡೀ ಬೀದಿಯವರೆಗೆ ಬಂದಿದೆ. ಕಲಿಸಿದವರು ಯಾರೂ ಇಲ್ಲ.

ಈ ಚಿತ್ರಗಳಲ್ಲಿ ಒಂದು ವಿಚಿತ್ರವಿದೆ. ಎಲ್ಲರ ಪಾದಗಳೂ ಹಾಳೆಯ ತಳದ ಖಾಲಿ ಪಟ್ಟಿಯಲ್ಲೇ ಇವೆ. ಹತ್ತಿರದವರು, ದೂರದವರು ಎಲ್ಲ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಯಾಕೆಂದು ಕೇಳಿದರೆ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನೇ ನೋಡುತ್ತಾರೆ. "ಅಕ್ಷರದ ಮ್ಯಾಲ ಕಾಲ್ ಇಡಬಾರ್ದಲ್ರಿ. ತಲಿ ತಾಗಿದ್ರ ನಡೀತೈತಿ, ಕೈ ತಾಗಿದ್ರೂ ನಡೀತೈತಿ. ಕಾಲ್ ತಾಗಬಾರ್ದು." ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವರು ಇವರು. ಕನ್ನಡ, ಮರಾಠಿ, ಇಂಗ್ಲಿಷ್, ಯಾವುದರ ಅಕ್ಷರವಾದರೂ ಅಷ್ಟೇ. ಬಸ್ಸಿನ ಗಾಲಿಯನ್ನೂ ಕೆಳಗೇ ಇಳಿಸಿದ್ದಾರೆ. "ಗಾಲಿ ಅಂದ್ರ ಬಸ್ಸಿನ ಕಾಲಽ ಅಲ್ಲೇನ್ರಿ?"

ಇಲ್ಲಿಗೆ ನಿಲ್ಲಿಸಿ, ಎಲೆಮರೆಯ ಕಾಯಿ ಎಂದು ಹೊಗಳಿ ಮನೆಗೆ ಹೋಗಬಹುದಿತ್ತು. ಆದರೆ ಆ ಕಾಯಿ ಕಿತ್ತುಕೊಂಡು ಹೋದವರ ವಿಷಯವನ್ನೂ ಬರೆಯಲೇಬೇಕು.

ಮಳೆಗಾಲಕ್ಕೆ ಮುಂಚೆ ಹೋಟೆಲುಗಳ ಒಳಾಂಗಣ ಅಲಂಕಾರದ ಕೆಲಸ ಮಾಡುವ ಒಬ್ಬ ಮಹಿಳೆ ಹಳೆಯ ಪುಸ್ತಕ ಹುಡುಕುತ್ತ ಈ ಅಂಗಡಿಗೆ ಬಂದಳು. ಚಿತ್ರಗಳನ್ನು ಕಂಡು ಹಿಗ್ಗಿದಳು. ಕಡಲತೀರದ ಹೊಸ ಹೋಟೆಲಿನಲ್ಲಿ ಇವನ್ನು ದೊಡ್ಡದಾಗಿ ಹಾಕುತ್ತೇವೆ, ಎಲ್ಲರೂ ನೋಡುತ್ತಾರೆ ಎಂದಳು. ಮಂಗಲಾ ಖುಷಿಯಿಂದ ಒಪ್ಪಿದರು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ಗೋಡೆಯೋ ನೆಲವೋ ಎಂದು ಕೇಳಬೇಕಿತ್ತು ಎಂಬುದು ಮಂಗಲಾಗೆ ಹೊಳೆಯಲೇ ಇಲ್ಲ. ಚಿತ್ರವನ್ನು ನೆಲಕ್ಕೆ ಹಾಕುತ್ತಾರೆಂದು ಯಾರು ತಾನೇ ಊಹಿಸುತ್ತಾರೆ?

ಸುದ್ದಿ ತಂದವಳು ಆ ಹೋಟೆಲಿನಲ್ಲಿ ನೆಲ ಒರೆಸುವ ವಿದ್ಯಾ, ಮಂಗಲಾ ಅವರ ಓಣಿಯ ಹುಡುಗಿ. "ಅತ್ತಿ, ಇವತ್ತ ರಹಿಮತಬೀ ಮಾರಿ ಒರಿಸಿ ಬಂದೀನಿ" ಎಂದು ಅತ್ತಳಂತೆ. ಬಾಗಿಲಿನಿಂದ ಊಟದ ಹಾಲಿನವರೆಗೆ ನೆಲಕ್ಕೆಲ್ಲ ಮಂಗಲಾ ಬರೆದ ಹಾಳೆಗಳನ್ನು ಹಿಗ್ಗಿಸಿ ಅಂಟಿಸಿದ್ದಾರೆ. ಒಂದೊಂದು ಅಕ್ಷರವೂ ಅಂಗೈಯಗಲ ಇದೆ. ಅದರ ಮೇಲೆ ಜನ ಬೂಟು ಹಾಕಿಕೊಂಡು ತಟ್ಟೆ ಹಿಡಿದು ಓಡಾಡುತ್ತಾರೆ. ಕೇಳಿದಾಗಿನಿಂದ ನನಗೆ ಮೈ ಉರಿಯುತ್ತಿದೆ. ರಹಿಮತಬಿ ನನಗಿಂತ ನೇರ. "ಚಿತ್ರ ತಗಿ ಅಂತ ನಾ ಮಂಗಲಾಗ ಅಂದಿದ್ದೆ. ತುಳೀರಿ ಅಂತ ಇವರಿಗೆ ಯಾವಾಗ ಅಂದೀನಿ?"

ಮಂಗಲಾ ಕೆಲಸ ಬಿಟ್ಟು ಹೋಟೆಲಿಗೆ ಹೋದರು. ಕಾವಲಿನವನು ತಡೆಯಲಿಲ್ಲ. ಮ್ಯಾನೇಜರ್ ಒಳಗಿನಿಂದಲೇ ಕೈ ಬೀಸಿ ಕರೆದ. ಆದರೆ ಹೊಸ್ತಿಲಿನಾಚೆ ನೆಲವೆಲ್ಲ ಅಕ್ಷರ. ಚಪ್ಪಲಿ ಕಳಚಿದರು, ಆದರೂ ಕಾಲು ಮುಂದಕ್ಕೆ ಬರಲಿಲ್ಲ. ನೀವೇ ಹೊರಗೆ ಬನ್ನಿ ಎಂದರು. ಅವನಿಗೆ ಪುರುಸೊತ್ತಿರಲಿಲ್ಲ. ಬಿಸಿಲಿನಲ್ಲಿ ಬಹಳ ಹೊತ್ತು ನಿಂತು ವಾಪಸು ಬಂದರು. ತಮ್ಮ ಮಂದಿಯನ್ನು ತುಳಿಯದೆ ದೂರು ಹೇಳಲೂ ಅವರಿಗೆ ದಾರಿಯಿರಲಿಲ್ಲ.

ಆ ಹೋಟೆಲಿನ ಹೆಸರು ಬರೆದು ಪುಕ್ಕಟೆ ಪ್ರಚಾರ ಕೊಡುವ ಮನಸ್ಸು ನನಗಿಲ್ಲ. ಆದರೆ ಫೋನ್ ಮಾಡಿದೆ. ಗಿರಾಕಿಗಳಿಗೆ ನೆಲ ತುಂಬಾ ಹಿಡಿಸಿದೆ, ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ ಎಂದು ಮ್ಯಾನೇಜರ್ ಕೊಚ್ಚಿಕೊಂಡ. ಬರೆದವರ ಹೆಸರು ಎಲ್ಲಿ ಎಂದು ಕೇಳಿದೆ. ಗೊತ್ತಿರಲಿಲ್ಲ ಎಂದ. ಇದು ಪತ್ರಿಕೆಯಲ್ಲಿ ಬರುತ್ತದೆ ಎಂದು ನಾನು ಹೇಳಿದ ಮೇಲೆ ಅವನ ದನಿ ಮೆತ್ತಗಾಯಿತು. ಒಂದು ತಾಸಿನೊಳಗೆ ಅವನೇ ಫೋನ್ ಮಾಡಿದ. ಹೆಸರು ಹಾಕಿಸುತ್ತಾರಂತೆ, ದೊಡ್ಡ ಅಕ್ಷರದಲ್ಲಿ, ಬಾಗಿಲ ಹತ್ತಿರವೇ, ಚಿತ್ರಗಳ ಪಕ್ಕದಲ್ಲಿ.

ಅಂದರೆ ನೆಲದ ಮೇಲೆ.

ಈ ಮಾತನ್ನು ಮಂಗಲಾಗೆ ಹೇಳಲು ನನಗೇ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವರು ಕೈಯಲ್ಲಿದ್ದ ರಟ್ಟನ್ನು ಪಕ್ಕಕ್ಕಿಡುತ್ತಾರೆ. ದನಿ ಏರಿಸುವುದಿಲ್ಲ.

"ನನ್ನ ಹೆಸರ ಅವರ ಎಲ್ಲಿ ಬೇಕಾದ್ರೂ ಬರೀಲಿ, ಬಿಡ್ಲಿ. ಅದರ ಚಿಂತಿ ನನಗಿಲ್ರಿ. ನಮ್ಮ ಮಂದೀನ ಮೊದಲ ಮ್ಯಾಲ ಎಬ್ಬಸ್ರಿ ಅಂತ ಹೇಳ್ರಿ."