ಬಲಗೈಗೊಂದು ಗ್ಲೌಸ್

ನಿಮ್ಮ ದೊಡ್ಡಮ್ಮ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಒಮ್ಮೆ ತಡವರಿಸುತ್ತಿದ್ದೆ. ಆಟದ ಸಾಮಾನಿನ ಅಂಗಡಿಯಲ್ಲಿದ್ದಾಳೆ ಎಂದರೆ, ಮುಂದೆ ಗಲ್ಲಾಪೆಟ್ಟಿಗೆಯ ಹತ್ತಿರ ಗತ್ತಾಗಿ ಕೂತಿರುತ್ತಾಳೆ ಎಂದುಕೊಳ್ಳುತ್ತಿದ್ದರು. ಅವಳು ಕೂರುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ತೊಡೆಯ ಮೇಲೆ ಹಳೆಯ ಟವೆಲ್ ಹಾಸಿಕೊಂಡು. ಕೆಲಸ, ಹೊಸ ಬೇಸ್‌ಬಾಲ್ ಗ್ಲೌಸ್‌ಗಳನ್ನು ಪಳಗಿಸುವುದು. “ಹುಲಿ ಸಿಂಹ ಪಳಗಿಸೋರಿಗೆ ಜನ ಚಪ್ಪಾಳೆ ತಟ್ತಾರೆ. ನನಗೆ ಬೆನ್ನುನೋವು ಒಂದೇ ಗಿಟ್ಟಿದ್ದು” ಎನ್ನುತ್ತಿದ್ದಳು.

ಹೊಸ ಗ್ಲೌಸಿಗೆ ಕೈ ತೂರಿಸಿ ನೋಡದವರಿಗೆ ಈ ಕೆಲಸ ಯಾಕೆ ಬೇಕೆಂಬುದು ಅರ್ಥವಾಗುವುದಿಲ್ಲ. ದಪ್ಪ ಚರ್ಮ ಹಲಗೆಯಂತೆ ಬಿಗಿದುಕೊಂಡಿರುತ್ತದೆ. ಒಳಗೆ ಬೆರಳು ಅಲುಗಾಡದು. ಚೆಂಡು ಬಂದು ಬಡಿದರೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ದೊಡ್ಡಮ್ಮ ಹೆಬ್ಬೆರಳಿನ ಬುಡಕ್ಕೂ ಕಿರುಬೆರಳಿನ ಬುಡಕ್ಕೂ ಒಂದಿಷ್ಟು ಎಣ್ಣೆ ಸವರಿ, ಹಿಂಡಿ, ಮಡಚಿ, ಬಿಚ್ಚಿ, ಮರದ ಕೊಡತಿಯಿಂದ ಅಂಗೈಯ ಭಾಗಕ್ಕೆ ಬಡಿದು ಗುಂಡಿ ಮಾಡುತ್ತಿದ್ದಳು. ಆಮೇಲೆ ಆ ಗುಂಡಿಯಲ್ಲಿ ಚೆಂಡಿಟ್ಟು, ಪಟ್ಟಿ ಬಿಗಿದು, ಕಪಾಟಿನಲ್ಲಿ ಮಲಗಿಸುತ್ತಿದ್ದಳು. ಮರುದಿನ ಎಬ್ಬಿಸಿ ಮತ್ತೆ ಅದೇ ಪಾಡು. “ಏನು ಸೆಟೆದುಕೊಂಡಿದೀಯೋ, ಮುನಿಸಿಕೊಂಡ ಬೀಗರ ಥರ” ಎಂದು ಗ್ಲೌಸನ್ನೇ ಗದರುವುದೂ ನಡೆಯುತ್ತಿತ್ತು.

ದೊಡ್ಡಪ್ಪ ಅವಳಿಗೆ ಸಿಕ್ಕಿದ್ದೂ ಆ ಕೋಣೆಯಲ್ಲೇ. ಅವರು ಹುಡುಗಿಯರ ಶಾಲೆಯೊಂದರಲ್ಲಿ ಆಟದ ಮೇಷ್ಟ್ರು. ಶಾಲೆಯ ಹರಿದ ಗ್ಲೌಸ್‌ಗಳ ಮೂಟೆ ಹೊತ್ತು ಬಂದವರು, ಹೊಲಿಗೆ ಸರಿಯಿಲ್ಲವೆಂದು ಇವಳ ಜೊತೆ ಜಗಳಕ್ಕೆ ನಿಂತರಂತೆ. ಜಗಳ ಮುಗಿಯುವ ಲಕ್ಷಣ ಕಾಣದೆ ಮದುವೆ ಮಾಡಿಕೊಂಡರು ಎಂದು ನಮ್ಮಮ್ಮ ಹೇಳುತ್ತಾಳೆ. ಅವರಿಗೆ ಮಕ್ಕಳಿರಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಅರ್ಧ ಅವರ ಮನೆಯಲ್ಲೇ ಬೆಳೆದವಳು, ಕೆಲಸಕ್ಕೆ ಸೇರಿದ ಮೇಲೂ ಅದು ತಪ್ಪಲಿಲ್ಲ. ಊಟಕ್ಕೆ ಕೂತಾಗಲೂ ಅವರಿಬ್ಬರ ನಡುವೆ ಚೆಂಡಿನದೇ ಮಾತು, ಚೆಂಡಿನದೇ ತಕರಾರು. ಅಷ್ಟು ಸುಖವಾಗಿ ಜಗಳವಾಡುವ ಗಂಡ ಹೆಂಡತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಾಗಿಲ ಚಿಲಕಕ್ಕೆ ಹಾಕಿದ ದೊಡ್ಡಪ್ಪನ ಬಲಗೈ, ಚಿಲಕ ಹಿಡಿಯಲಿಲ್ಲ. ಲಕ್ವ ಎಂದರು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಾತು ಪೂರ್ತಿ ಬಂತು, ಕಾಲು ಅರ್ಧ ಬಂತು. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಬಲ್ಲವರಾದರು, ಬೆರಳು ಮಾತ್ರ ಮಡಚಲಾಗಲಿಲ್ಲ. ನೋಡಲು ಬಂದವರೆಲ್ಲ ಒಂದೊಂದು ಬಿಸ್ಕತ್ತಿನ ಪೊಟ್ಟಣ, ಒಂದೊಂದು ಔಷಧಿಯ ಹೆಸರು ಕೊಟ್ಟು, ತಮ್ಮ ಕಡೆ ಯಾರೋ ಹೀಗೇ ಆಗಿ ಸತ್ತ ಕಥೆ ಹೇಳಿ, ಚಹಾ ಕುಡಿದು ಹೋದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ದೊಡ್ಡಮ್ಮ ಮಾತ್ರ ದಿನಾ ಬೆಳಿಗ್ಗೆ ಅವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಹಚ್ಚಿ, ಒಂದೊಂದೇ ಬೆರಳು ಮಡಚಿ ಬಿಡಿಸಿ, “ಬರುತ್ತೆ ರೀ, ಬಂದೇ ಬರುತ್ತೆ” ಎನ್ನುತ್ತಿದ್ದಳು. “ನಿಮ್ಮ ಥರದ ಎಷ್ಟು ಮೊಂಡು ಚರ್ಮ ನೋಡಿದೀನಿ ನಾನು.” ದೊಡ್ಡಪ್ಪ ನಗುತ್ತಿದ್ದರು.

ಶಾಲೆಯ ಹೆಡ್‌ಮಿಸ್ ಒಳ್ಳೆಯ ಹೆಂಗಸು. ಮನೆಗೇ ಬಂದು ಹೇಳಿದರು: “ಓಡೋದು ಬೇಡ ಮೇಷ್ಟ್ರೇ. ಹುಡುಗಿಯರು ಎಸೆದ ಚೆಂಡು ಹಿಡಿದು ವಾಪಸ್ ಎಸೆಯೋ ಹಾಗಾದ್ರೆ ಸಾಕು. ನಿಮ್ಮ ರಜೆ ಮುಗಿಯೋವರೆಗೂ ಆ ಜಾಗ ಯಾರಿಗೂ ಕೊಡಲ್ಲ.” ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ದೊಡ್ಡಪ್ಪನಿಗೆ ಸಂಬಳಕ್ಕಿಂತ ಮೈದಾನ ಮುಖ್ಯವಾಗಿತ್ತು. ಮೈದಾನಕ್ಕೆ ಹೋಗದಿದ್ದರೆ ತಾನು ಇನ್ನು ಕುರ್ಚಿಯ ಮೇಲಿನ ಮೂಟೆ ಎಂದು ಅವರೇ ಹೇಳಿದ್ದರು.

ಅವರು ಎಡಗೈಯಲ್ಲಿ ಎಸೆಯುವುದನ್ನು ಹಿತ್ತಿಲ ಗೋಡೆಗೆ ಚೆಂಡು ಹೊಡೆದು ಹೊಡೆದು ಕಲಿತರು. ಈ ಆಟದಲ್ಲಿ ಒಂದು ಕೈಯಲ್ಲಿ ಎಸೆದರೆ, ಹಿಡಿಯುವ ಗ್ಲೌಸ್ ಇನ್ನೊಂದು ಕೈಗೆ; ಹಾಗಾಗಿ ಅವರಿಗೆ ಗ್ಲೌಸ್ ಬಲಗೈಗೆ ಬೇಕು. ಎಡಚರು ಕೊಳ್ಳುವಂಥ ಗ್ಲೌಸ್ ಅದು. ಅಂಗಡಿಯ ಗಾಜಿನ ಕಪಾಟಿನಲ್ಲಿ ಅಂಥದ್ದೊಂದು ಯಾರಿಗೂ ಬೇಡವಾಗಿ ಬಹಳ ಕಾಲದಿಂದ ಕೂತಿತ್ತು. ಯಜಮಾನರು, “ತಗೊಂಡು ಹೋಗಮ್ಮ, ಅದು ಮೇಷ್ಟ್ರಿಗೇ ಅಂತ ಕಾದಿತ್ತು ಅನ್ಸತ್ತೆ” ಎಂದು ಕೊಟ್ಟರು.

ದೊಡ್ಡಮ್ಮನ ಲೆಕ್ಕ ಸರಳವಾಗಿತ್ತು. ಬೆರಳಿಗೆ ಬಲವಿಲ್ಲದಿದ್ದರೇನು, ಚೆಂಡು ಬಿದ್ದ ಭಾರಕ್ಕೇ ಮುಚ್ಚಿಕೊಳ್ಳುವಷ್ಟು ಗ್ಲೌಸನ್ನು ಮೆತ್ತಗೆ ಮಾಡಿದರಾಯಿತು. ಅಡುಗೆಮನೆಯ ಮೇಜಿನ ಮೇಲೆ, ದೊಡ್ಡಪ್ಪನಿಗೆ ಕಾಣದಂತೆ, ಬಡಿಯಲು ಶುರುಮಾಡಿದಳು.

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಉಂಟು. ಗ್ಲೌಸನ್ನು ಪೂರ್ತಿ ಪಳಗಿಸಬಾರದು. ಕೊನೆಯ ಪಾಲಿನ ಬಿಗುವನ್ನು ಕೊಂಡವನಿಗೇ ಬಿಡಬೇಕು. ಅವನು ಆಡುತ್ತ ಆಡುತ್ತ ಅದನ್ನು ತನ್ನ ಕೈಗೆ ತಕ್ಕಂತೆ ಮುರಿದುಕೊಳ್ಳುತ್ತಾನೆ. ಆ ಬಿಗುವೂ ಹೋಯಿತೆಂದರೆ ಗ್ಲೌಸ್ ಬಟ್ಟೆಯ ಹಾಗಾಗುತ್ತದೆ, ಮುಚ್ಚುತ್ತದೆ, ಹಿಡಿಯುವುದಿಲ್ಲ. ಹಾಗೆ ಮಾಡಿದವರನ್ನು ದೊಡ್ಡಮ್ಮ ಕೊಲೆಗಡುಕರೆಂದೇ ಕರೆಯುತ್ತಿದ್ದಳು.

ನಾನು ಮೇಜಿನ ಆಚೆ ಕೂತು ನೋಡುತ್ತಿದ್ದೆ. ನಿಲ್ಲಿಸಬೇಕಾದ ಹಂತ ಬಂತು. ಅವಳು ಕೊಡತಿ ಕೆಳಗಿಟ್ಟಳು, ಗ್ಲೌಸನ್ನು ಒಂದೆರಡು ಸಲ ಮುಚ್ಚಿ ತೆರೆದಳು. ಆಮೇಲೆ ಮತ್ತೆ ಎಣ್ಣೆಯ ಡಬ್ಬಿಗೆ ಕೈಹಾಕಿದಳು.

“ಸಾಕಲ್ವಾ ದೊಡ್ಡಮ್ಮ?”

“ಬೇರೆಯವರಿಗಾಗಿದ್ರೆ ಸಾಕಿತ್ತು” ಎಂದಳು, ದನಿ ತಗ್ಗಿಸಿ. “ಉಳಿದದ್ದನ್ನ ಅವರು ಮುರ್ಕೊಳ್ಳಬೇಕಲ್ಲ. ಆ ಬೆರಳಿಗೆ ಅಷ್ಟು ಶಕ್ತಿ ಎಲ್ಲಿದೆ ಹೇಳು. ಅದನ್ನೂ ನಾನೇ ಮಾಡ್ತೀನಿ.”

ದೊಡ್ಡಪ್ಪನ ರಜೆ ಮುಗಿಯಲು ಬಂದಾಗ, ಒಂದು ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮೊದಲೇ ಮೈದಾನದಲ್ಲಿ ಸೇರಿದೆವು. ಹೆಡ್‌ಮಿಸ್ ಮೆಟ್ಟಿಲ ಮೇಲೆ ನಿಂತಿದ್ದರು. ದೊಡ್ಡಪ್ಪನ ಬದಲಿಗೆ ಅಷ್ಟು ದಿನ ಪಾಠ ನಡೆಸಿದ್ದ ಹೊಸ ಮೇಷ್ಟ್ರು ಚೆಂಡು ಹಿಡಿದು ಬಂದ. ಮರ್ಯಾದಸ್ಥ ಹುಡುಗ, ಆ ಜಾಗ ತನಗೇ ಸಿಗಬಹುದೆಂಬುದು ಅವನನ್ನು ಎಷ್ಟು ಹಿಂಸಿಸುತ್ತಿತ್ತೆಂದರೆ ತಲೆಯೆತ್ತಿ ನೋಡುತ್ತಲೇ ಇರಲಿಲ್ಲ. ದೊಡ್ಡಮ್ಮ ಗ್ಲೌಸ್ ತೊಡಿಸಿ, ಮಣಿಕಟ್ಟಿನ ಪಟ್ಟಿ ಬಿಗಿದು, ಬದಿಗೆ ಬಂದು ನನ್ನ ತೋಳು ಹಿಡಿದುಕೊಂಡಳು.

ಮೊದಲ ಚೆಂಡು ಸೀದಾ ಗುಂಡಿಗೆ ಬಿತ್ತು. ಗ್ಲೌಸ್ ಮುಚ್ಚಿಕೊಂಡಿತು. “ನೋಡಿದ್ಯಾ” ಎಂದಳು ದೊಡ್ಡಮ್ಮ. ಅವಳ ಮಾತು ಮುಗಿಯುವುದರೊಳಗೆ, ದೊಡ್ಡಪ್ಪ ಎಡಗೈಯಿಂದ ಚೆಂಡು ತೆಗೆಯಲು ಹೋಗಿ ಗ್ಲೌಸನ್ನು ವಾಲಿಸಿದರು. ಒದ್ದೆ ಬಟ್ಟೆಯಂತೆ ಅದು ಬಾಯಿಬಿಟ್ಟಿತು, ಚೆಂಡು ಅವರ ಬೂಟಿನ ಹತ್ತಿರ ಬಿತ್ತು. ಎರಡನೆಯದೂ ಹಾಗೇ. ಮೂರನೆಯದೂ. ಹೊಸ ಮೇಷ್ಟ್ರು ಒಂದೊಂದು ಸಲಕ್ಕೂ ಹತ್ತಿರ ಹತ್ತಿರ ಬಂದು ಎಸೆದ. ಕೊನೆಗೆ ಎಸೆಯುವುದೇನು ಬಂತು, ಕೈಗಿಡಬಹುದಾದಷ್ಟು ಹತ್ತಿರ ನಿಂತಿದ್ದ. ಆಗಲೂ ಚೆಂಡು ನಿಲ್ಲಲಿಲ್ಲ.

“ಸಾಕು ಮೇಷ್ಟ್ರೇ” ಎಂದರು ಹೆಡ್‌ಮಿಸ್. “ಬಿಸಿಲೇರ್ತಾ ಇದೆ. ಇನ್ನೊಂದಿನ ನೋಡೋಣ.”

ಇನ್ನೊಂದು ದಿನ ಇಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ದೊಡ್ಡಮ್ಮ ಮೆಟ್ಟಿಲ ಹತ್ತಿರ ಹೋದಳು. “ತಪ್ಪು ನನ್ನದು ಮೇಡಂ. ಗ್ಲೌಸ್ ಅತೀ ಮೆತ್ತಗಾಗಿ ಕೆಟ್ಟೋಯ್ತು. ಇನ್ನೊಂದು ಪಳಗಿಸಿ ತರ್ತೀನಿ. ಅವರ ಕೈದೇನೂ ತೊಂದರೆ ಇಲ್ಲ.” ಹೆಡ್‌ಮಿಸ್ ಅವಳ ಕೈಹಿಡಿದು ಏನೋ ಸಮಾಧಾನ ಹೇಳಿ ಒಳಗೆ ಹೋದರು.

ಮನೆಗೆ ಹೊರಟವರು ಗೇಟಿನ ಬಳಿಯ ಬೆಂಚಿನ ಮೇಲೆ ಕೂತೆವು, ದೊಡ್ಡಪ್ಪನ ಕಾಲು ಸೋತಿತ್ತು. ಅವರು ಗ್ಲೌಸನ್ನು ಮಂಡಿಯ ಮೇಲಿಟ್ಟು ಎಡಗೈ ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದರು.

“ಇಷ್ಟು ವರ್ಷದಲ್ಲಿ ನೀನು ಒಂದು ಗ್ಲೌಸನ್ನೂ ಹೀಗೆ ಮಾಡಿದವಳಲ್ಲ.”

“ಕೈ ತಪ್ಪಿತು ರೀ.”

“ನಿನ್ನ ಕೈ ತಪ್ಪಲ್ಲ ಕಣೇ. ನನಗೆ ಅಂತ ಬಿಡಬೇಕಾದ ಪಾಲನ್ನೂ ನೀನೇ ಮುಗಿಸಿಬಿಟ್ಟಿದೀಯ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. “ಈ ಕೈ ಬರಲ್ಲ ಅಂತ ನಿನಗೆ ಗೊತ್ತಿತ್ತು. ದಿನಾ ಬರುತ್ತೆ ಅಂತಿದ್ದದ್ದು ನನ್ನ ಸಮಾಧಾನಕ್ಕೆ. ಅಲ್ವಾ?”

ಯಾರ ಮಾತಿಗೂ ಜವಾಬು ಬಾಕಿ ಇಟ್ಟುಕೊಳ್ಳದ ನನ್ನ ದೊಡ್ಡಮ್ಮ ಅವರ ಮಂಡಿಯ ಮೇಲಿಂದ ಗ್ಲೌಸ್ ಎತ್ತಿ ತನ್ನ ಚೀಲಕ್ಕೆ ತುರುಕಿದಳು. ಸುಳ್ಳು ಹೇಳಿಬಿಡೇ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಅವಳಿಂದ ಆಗಲಿಲ್ಲ.

ಹೊಸ ಮೇಷ್ಟ್ರಿಗೆ ಆ ಜಾಗವಾಯಿತು. ಆಟದ ಕೋಣೆಯ ಬೀಗದಕೈ ತೆಗೆದುಕೊಂಡು ಹೋಗಲು ಬಂದವನು ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ. ದೊಡ್ಡಮ್ಮ ಅಂಗಡಿಗೆ ಹೋಗುತ್ತಿದ್ದಾಳೆ, ಬೇರೆಯವರ ಗ್ಲೌಸ್‌ಗಳನ್ನು ಎಷ್ಟು ಬೇಕೋ ಅಷ್ಟೇ ಪಳಗಿಸಿ ಕೊಡುತ್ತಿದ್ದಾಳೆ. ಬೆಳಗಿನ ಎಣ್ಣೆಯೂ ತಪ್ಪಿಲ್ಲ. ತೊಡೆಯ ಮೇಲೆ ಅವರ ಕೈಯಿಟ್ಟುಕೊಂಡು ಬೆರಳು ಮಡಚುತ್ತ ಪಕ್ಕದ ಮನೆಯವರ ವಿಷಯ, ನಲ್ಲಿ ಸೋರುವ ವಿಷಯ ಮಾತಾಡುತ್ತಾಳೆ. ಜಗಳ ನಿಂತುಹೋಗಿದೆ.

ಮೊನ್ನೆ ನಾನಿದ್ದಾಗಲೇ ದೊಡ್ಡಪ್ಪ ಕೇಳಿದರು. “ಮೊದಲು ಏನೋ ಹೇಳ್ತಿದ್ದೆಯಲ್ಲ, ಎಣ್ಣೆ ಹಚ್ಚೋವಾಗ. ಒಂದ್ಸಲ ಹೇಳೇ.”

“ಹೇಳಿದ್ರೆ ನಂಬ್ತೀರಾ?”

“ಇಲ್ಲ.”

“ಮತ್ತೆ?”

“ಸುಮ್ನೆ. ಕೇಳಬೇಕು ಅನ್ಸತ್ತೆ.”

ದೊಡ್ಡಮ್ಮ ಬಾಯಿ ತೆರೆದಳು. ತುಟಿ ಅಲುಗಿದ್ದನ್ನು ನಾನು ಕಂಡೆ, ಅವರೂ ಕಂಡರು. ಮಾತು ಹೊರಡಲಿಲ್ಲ. “ಹೋಗಲಿ ಬಿಡು” ಎಂದರು ದೊಡ್ಡಪ್ಪ. ಅವಳು ಮುಂದಿನ ಬೆರಳು ಹಿಡಿದು ಮಡಚತೊಡಗಿದಳು.